ಸಾರ್ಕ್ ಸಾಹಿತ್ಯೋತ್ಸವ ಮತ್ತು ನೆರೆನಾಡಿನ ಅಕ್ಷರ ಮೇಳಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ದೆಹಲಿ, ಢಾಕಾ, ಥಿಂಪು, ಗಾಲೆಗಳಲ್ಲಿ ನಡೆಯುವ ಸಾಹಿತ್ಯೋತ್ಸವಗಳ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಕನ್ನಡದ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೆಲವಕ್ಕೆ ಒಂದೆರಡು ಸಾಲಿನ ಉತ್ತರ ಸಾಕು, ಕೆಲವನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಸಾರ್ಕ್ ಸಾಹಿತ್ಯೋತ್ಸವವನ್ನು ನಡೆಸುವವರು ಯಾರು? ಸರ್ಕಾರವೇ?

ಅಲ್ಲ. ಸಾರ್ಕ್ ಎಂಬುದು ದಕ್ಷಿಣ ಏಷ್ಯಾದ ಎಂಟು ದೇಶಗಳ ಸರ್ಕಾರಗಳ ಸಂಘಟನೆ, ನಿಜ. ಆದರೆ ಈ ಉತ್ಸವ ಒಬ್ಬ ಲೇಖಕಿ ಹಟ ಹಿಡಿದು ಕಟ್ಟಿದ್ದು. ಪಂಜಾಬಿ ಕತೆಗಾರ್ತಿ ಅಜೀತ್ ಕೌರ್ 1934ರಲ್ಲಿ ಲಾಹೋರಿನಲ್ಲಿ ಹುಟ್ಟಿದವರು. ದೇಶ ವಿಭಜನೆಯಾದಾಗ ಊರು ಬಿಟ್ಟು ಈಚೆ ಬಂದ ಕುಟುಂಬ ಅವರದು. ಅವರ ಆತ್ಮಕಥೆಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ, 2006ರಲ್ಲಿ ಪದ್ಮಶ್ರೀ ಬಂತು. ನೆರೆದೇಶಗಳ ಲೇಖಕರನ್ನು ಒಂದೆಡೆ ಕೂರಿಸಬೇಕೆಂದು 1987ರಲ್ಲಿ ಅವರು ಹುಟ್ಟುಹಾಕಿದ ಸಂಸ್ಥೆಯ ಹೆಸರು ಫೌಂಡೇಶನ್ ಆಫ್ ಸಾರ್ಕ್ ರೈಟರ್ಸ್ ಅಂಡ್ ಲಿಟರೇಚರ್. ಬಾಯಿಮಾತಿನಲ್ಲಿ ಎಲ್ಲರೂ ಫೋಸ್ವಾಲ್ ಎನ್ನುತ್ತಾರೆ. ದೆಹಲಿಯ ಸಿರಿ ಫೋರ್ಟ್ ಬಳಿ ಇರುವ ಅಕಾಡೆಮಿ ಆಫ್ ಫೈನ್ ಆರ್ಟ್ಸ್ ಅಂಡ್ ಲಿಟರೇಚರ್ ಇದರ ಮನೆ. ಅವರ ಮಗಳು, ಚಿತ್ರಕಲಾವಿದೆ ಅರ್ಪಣಾ ಕೌರ್ ಕೂಡ ಇದರಲ್ಲಿ ತೊಡಗಿಸಿಕೊಂಡವರು.

ಕಾರ್ಗಿಲ್ ಕದನದ ಮರುವರ್ಷ, ಅಂದರೆ 2000ದಲ್ಲಿ, ಸಾರ್ಕ್ ದೇಶಗಳ ಲೇಖಕರ ಮೊದಲ ಸಮ್ಮೇಳನ ದೆಹಲಿಯಲ್ಲಿ ಸೇರಿತು. ಆಮೇಲೆ ಸಾರ್ಕ್ ಸಂಘಟನೆ ಫೋಸ್ವಾಲ್‌ಗೆ ತನ್ನ ಮಾನ್ಯತೆ ನೀಡಿತು. ಹೆಸರಿನಲ್ಲಿ ಸಾರ್ಕ್ ಇದೆ, ಮಾನ್ಯತೆಯೂ ಇದೆ. ಆದರೆ ಉತ್ಸವದ ಓಡಾಟ, ಪತ್ರವ್ಯವಹಾರ, ಊಟ ವಸತಿಯ ಚಿಂತೆ ಎಲ್ಲ ಲೇಖಕರ ಸಂಸ್ಥೆಯದೇ.

ಸಾರ್ಕ್ ಶೃಂಗಸಭೆಯೇ ನಡೆಯುತ್ತಿಲ್ಲ. ಸಾಹಿತ್ಯೋತ್ಸವ ಹೇಗೆ ನಡೆಯುತ್ತದೆ?

ಸರ್ಕಾರಗಳ ಸಭೆಗೆ ಎಲ್ಲ ದೇಶಗಳೂ ಬರಲೇಬೇಕು. ಒಬ್ಬರು ಬಾರದಿದ್ದರೂ ಸಭೆ ಮುಂದಕ್ಕೆ ಹೋಗುತ್ತದೆ. ಕೊನೆಯ ಶೃಂಗಸಭೆ 2014ರ ನವೆಂಬರ್‌ನಲ್ಲಿ ಕಠ್ಮಂಡುವಿನಲ್ಲಿ ನಡೆಯಿತು. 2016ರಲ್ಲಿ ಇಸ್ಲಾಮಾಬಾದಿನಲ್ಲಿ ಸೇರಬೇಕಾಗಿದ್ದ ಸಭೆ ಕಾಶ್ಮೀರದ ಉರಿ ಸೇನಾನೆಲೆಯ ಮೇಲಿನ ದಾಳಿಯ ನಂತರ ರದ್ದಾಯಿತು. ಅಲ್ಲಿಂದೀಚೆಗೆ ಸಭೆಯೇ ಇಲ್ಲ. ಲೇಖಕರಿಗೆ ಆ ಕಟ್ಟಳೆ ಇಲ್ಲ. ಐದು ದೇಶದವರು ಬಂದರೆ ಐವರ ಜೊತೆ, ಏಳು ದೇಶದವರು ಬಂದರೆ ಏಳರ ಜೊತೆ ಕಾವ್ಯವಾಚನ ನಡೆದುಬಿಡುತ್ತದೆ.

ಕನ್ನಡಿಗರಿಗೆ ನೆನಪಿರಲಿ ಎಂದು ಒಂದು ಮಾತು: 1985ರ ಡಿಸೆಂಬರ್‌ನಲ್ಲಿ ಢಾಕಾದಲ್ಲಿ ಹುಟ್ಟಿದ ಸಾರ್ಕ್‌ನ ಎರಡನೆಯ ಶೃಂಗಸಭೆ 1986ರ ನವೆಂಬರ್ 16 ಮತ್ತು 17ರಂದು ಸೇರಿದ್ದು ನಮ್ಮ ಬೆಂಗಳೂರಿನಲ್ಲಿ. ಕಠ್ಮಂಡುವಿನಲ್ಲಿ ಕಾಯಂ ಕಾರ್ಯಾಲಯ ತೆರೆಯುವ ಒಪ್ಪಂದಕ್ಕೆ ಸಹಿ ಬಿದ್ದದ್ದೂ ಇಲ್ಲಿಯೇ.

ಇದು ಜೈಪುರದ ಉತ್ಸವದಂತೆ ಇರುತ್ತದೆಯೇ?

ಇಲ್ಲ. ಜೈಪುರಕ್ಕೆ ಹೋಗಿ ಬಂದವರು ಇಲ್ಲಿಗೆ ಅದೇ ನಿರೀಕ್ಷೆಯಲ್ಲಿ ಬಂದರೆ ನಿರಾಸೆ ಖಂಡಿತ. ಸಿನಿಮಾ ತಾರೆಯರಿಲ್ಲ, ಹಸ್ತಾಕ್ಷರದ ಸಾಲುಗಳಿಲ್ಲ. ಬೆಳಗಿನಿಂದ ಸಂಜೆಯವರೆಗೆ ಪ್ರಬಂಧ ಮಂಡನೆ, ಕಥಾವಾಚನ, ಕವಿಗೋಷ್ಠಿ. ನಮ್ಮ ಜಿಲ್ಲಾ ಸಾಹಿತ್ಯ ಸಮ್ಮೇಳನದ ಗೋಷ್ಠಿಗಳನ್ನು ಕಂಡವರಿಗೆ ಇದರ ನಡೆ ಪರಿಚಿತವೇ ಅನ್ನಿಸುತ್ತದೆ. ಅಧ್ಯಕ್ಷರ ಚೀಟಿ ಬಂದರೂ ಓದು ನಿಲ್ಲಿಸದ ಕವಿ ಎಂಟೂ ದೇಶಗಳಲ್ಲಿದ್ದಾನೆ.

ಪ್ರಬಂಧ ಮಂಡನೆಗಳಲ್ಲಿ ಅರ್ಧವನ್ನಾದರೂ ಬಿಟ್ಟುಬಿಡಬಹುದು ಎಂಬುದು ನನ್ನ ಅಭಿಪ್ರಾಯ. ಶಾಂತಿ, ಸೌಹಾರ್ದ, ಪರಂಪರೆ ಎಂಬ ಪದಗಳು ಹತ್ತು ನಿಮಿಷಕ್ಕೊಮ್ಮೆ ಬರುತ್ತವೆ. ಕವಿಗೋಷ್ಠಿಯನ್ನು ಮಾತ್ರ ಬಿಡಬಾರದು.

ಯಾವ ಭಾಷೆಯಲ್ಲಿ ಓದುತ್ತಾರೆ? ನಮಗೆ ಅರ್ಥವಾಗುತ್ತದೆಯೇ?

ಕಲಾಪದ ಭಾಷೆ ಬಹುಪಾಲು ಇಂಗ್ಲಿಷ್, ಜೊತೆಗೆ ಹಿಂದಿ. ಕವಿಗಳು ಮೊದಲು ತಮ್ಮ ಭಾಷೆಯಲ್ಲಿ ಕೆಲವು ಸಾಲು ಓದಿ, ಆಮೇಲೆ ಅನುವಾದ ಓದುವುದು ವಾಡಿಕೆ. ಆ ಕೆಲವು ಸಾಲುಗಳ ಹೊತ್ತಿನಲ್ಲಿ ಸಭೆಯನ್ನು ಗಮನಿಸಿ. ಪಾಕಿಸ್ತಾನದ ಪಂಜಾಬಿ ಕವಿ ಓದಿದರೆ ಅಮೃತಸರದವರು ಅನುವಾದಕ್ಕೆ ಕಾಯುವುದಿಲ್ಲ, ಸಾಲು ಮುಗಿಯುವ ಮೊದಲೇ "ವಾಹ್" ಎಂದಿರುತ್ತಾರೆ. ಅದೇ ಕವಿತೆಯ ಹಾಳೆಯನ್ನು ಅವರ ಕೈಗಿತ್ತರೆ ಓದಲು ಬಾರದು, ಏಕೆಂದರೆ ಅಲ್ಲಿ ಪಂಜಾಬಿಯನ್ನು ಶಾಹಮುಖಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆಯುತ್ತಾರೆ, ಇಲ್ಲಿ ಗುರುಮುಖಿಯಲ್ಲಿ ಎಡದಿಂದ ಬಲಕ್ಕೆ. ಕಿವಿಗೆ ಗಡಿ ಇಲ್ಲ, ಕಣ್ಣಿಗೆ ಇದೆ.

ಇಂಥ ಭಾಷೆಗಳು ಒಂದೆರಡಲ್ಲ. ಬಂಗಾಳಿ ಢಾಕಾದ್ದೂ ಹೌದು, ಕೋಲ್ಕತ್ತಾದ್ದೂ ಹೌದು, ಅಗರ್ತಲಾದ್ದೂ ಹೌದು. ತಮಿಳು ಜಾಫ್ನಾದಲ್ಲಿದೆ. ನೇಪಾಳಿ ಡಾರ್ಜಿಲಿಂಗ್, ಸಿಕ್ಕಿಂಗಳಲ್ಲಿದೆ. ಮೈಥಿಲಿ ಬಿಹಾರದ್ದೆಂದು ನಾವು ತಿಳಿದರೂ ನೇಪಾಳದಲ್ಲಿ ನೇಪಾಳಿಯ ನಂತರ ಅತಿ ಹೆಚ್ಚು ಜನರ ತಾಯ್ನುಡಿ ಅದೇ. ಭಾರತದ ಭೂಪಟದಲ್ಲಿ ಸಿಂಧ್ ಇಲ್ಲ, ಆದರೂ 1967ರಿಂದ ಸಿಂಧಿ ನಮ್ಮ ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿದೆ. ಮಾಲ್ಡೀವ್ಸ್‌ನ ದಿವೇಹಿ ಕೂಡ ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಮಹಲ್ ಎಂಬ ಹೆಸರಿನಲ್ಲಿ ಬದುಕಿದೆ. ಇದರ ತಾನಾ ಲಿಪಿಯನ್ನು ಒಮ್ಮೆ ನೋಡಿ. ಮೊದಲ ಒಂಬತ್ತು ಅಕ್ಷರಗಳು ಅರಬ್ಬಿ ಅಂಕಿಗಳಿಂದ ಹುಟ್ಟಿದವು. ಲೆಕ್ಕ ಬರೆಯುವ ಗುರುತುಗಳಲ್ಲಿ ಕವಿತೆ ಬರೆಯುವ ಜನ!

ಈ ಪಟ್ಟಿಯಲ್ಲಿ ಕನ್ನಡವಿಲ್ಲ. ನಮ್ಮ ಸುತ್ತ ಇರುವುದು ಮರಾಠಿ, ತೆಲುಗು, ತಮಿಳು, ಮಲಯಾಳ, ಕೊಂಕಣಿ. ಗಡಿಯಾಚೆ ಕನ್ನಡ ಮಾತಾಡುವ ಇನ್ನೊಂದು ದೇಶವಿಲ್ಲ. ಆದ್ದರಿಂದ ನೆರೆದೇಶದ ಓದುಗನನ್ನು ಕನ್ನಡದ ಕತೆ ಮುಟ್ಟಬೇಕಾದರೆ ಅನುವಾದ ಬೇಕೇ ಬೇಕು. ಬಂಗಾಳಿಯ ಲೇಖಕನಿಗೆ ಅನುವಾದ ಇದ್ದರೆ ಒಳ್ಳೆಯದು, ಕನ್ನಡದವನಿಗೆ ಅದಿಲ್ಲದೆ ಗತಿಯಿಲ್ಲ. ಇಂಥ ಉತ್ಸವಗಳ ಬಗ್ಗೆ ಕನ್ನಡಿಗರು ಯೋಚಿಸುವಾಗ ಮೊದಲು ನೆನೆಯಬೇಕಾದ್ದು ಇದನ್ನೇ.

ಹಾಗಾದರೆ ಕನ್ನಡಕ್ಕೂ ಈ ದೇಶಗಳಿಗೂ ಸಂಬಂಧವೇ ಇಲ್ಲವೇ?

ಇದೆ, ಮತ್ತು ಅದು ಸಾರ್ಕ್‌ಗಿಂತ ಸಾವಿರದ ನೂರು ವರ್ಷ ಹಳೆಯದು. 9ನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ಕವಿರಾಜಮಾರ್ಗವನ್ನು ರಚಿಸಿದ. ಅದಕ್ಕೆ ಆಧಾರ ದಂಡಿಯ ಸಂಸ್ಕೃತ ಕಾವ್ಯಮೀಮಾಂಸೆ ಕಾವ್ಯಾದರ್ಶ ಎಂಬುದು ಕನ್ನಡ ಎಂ.ಎ. ಓದಿದವರಿಗೆಲ್ಲ ಗೊತ್ತು. ಹೆಚ್ಚು ಮಂದಿಗೆ ಗೊತ್ತಿಲ್ಲದ್ದು ಇನ್ನೊಂದಿದೆ: ಸಿಂಹಳ ಭಾಷೆಯ ಮೊದಲ ಕಾವ್ಯಮೀಮಾಂಸೆ 'ಸಿಯಬಸ್‌ಲಕರ' ಕೂಡ ಅದೇ ಕಾವ್ಯಾದರ್ಶವನ್ನು ಆಧರಿಸಿದ್ದು, ಅದೂ 9ನೇ ಶತಮಾನದ್ದೇ ಎನ್ನುತ್ತಾರೆ. ಅದರ ಕರ್ತೃ ಒಬ್ಬ ದೊರೆ ಎಂದು ಪರಂಪರೆ ಹೇಳುತ್ತದೆ. ಸಂಸ್ಕೃತದಲ್ಲಿ ಹೇಳಿದ್ದನ್ನು ನಮ್ಮ ನುಡಿಯಲ್ಲಿ ಹೇಳಲು ಸಾಧ್ಯವೇ, ಹೇಳಿದರೆ ಏನನ್ನು ಬಿಡಬೇಕು, ಏನನ್ನು ಸೇರಿಸಬೇಕು ಎಂಬ ಪ್ರಶ್ನೆಯನ್ನು ನಮ್ಮ ಮಳಖೇಡ ಮತ್ತು ಶ್ರೀಲಂಕಾದ ಅನುರಾಧಪುರ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಕೇಳಿಕೊಂಡವು. ದಂಡಿ ಆಮೇಲೆ 13ನೇ ಶತಮಾನದಲ್ಲಿ ಟಿಬೆಟನ್ ಭಾಷೆಗೂ ಹೋದ. ಕನ್ನಡ, ಸಿಂಹಳ, ಟಿಬೆಟನ್ ವಿದ್ವಾಂಸರನ್ನು ಒಂದು ಗೋಷ್ಠಿಯಲ್ಲಿ ಕೂರಿಸಲು ಇದಕ್ಕಿಂತ ಒಳ್ಳೆಯ ನೆಪ ಬೇಕೇ?

ನೇಪಾಳದ ಸಂಬಂಧ ಇನ್ನೂ ಸೊಗಸು. 1097ರಲ್ಲಿ ನಾನ್ಯದೇವ ಮಿಥಿಲೆಯಲ್ಲಿ ಕಟ್ಟಿದ ರಾಜ್ಯಕ್ಕೆ ಕರ್ಣಾಟ ವಂಶವೆಂದೇ ಹೆಸರು. ಅದರ ರಾಜಧಾನಿ ಸಿಮ್ರೌನ್‌ಗಢದ ಅವಶೇಷ ಇಂದಿನ ನೇಪಾಳದ ಬಾರಾ ಜಿಲ್ಲೆಯಲ್ಲಿದೆ. ಆ ವಂಶದ ಕೊನೆಯ ಅರಸ ಹರಿಸಿಂಹದೇವನ ಆಸ್ಥಾನದಲ್ಲಿದ್ದ ಜ್ಯೋತಿರೀಶ್ವರ ಠಾಕೂರ್ ಬರೆದ 'ವರ್ಣರತ್ನಾಕರ' ಮೈಥಿಲಿಯ ಅತ್ಯಂತ ಹಳೆಯ ಗದ್ಯಕೃತಿ. ಕರ್ಣಾಟರ ಆಸರೆಯಲ್ಲಿ ಮೈಥಿಲಿ ಗದ್ಯ ಹುಟ್ಟಿತು ಎಂದು ನಾವು ಜಂಬ ಕೊಚ್ಚಿಕೊಂಡರೆ ಮೈಥಿಲರು ನಗುತ್ತಾರೆಯೇ ಹೊರತು ಸಿಟ್ಟಾಗಲಾರರು. ಬಂಗಾಳವನ್ನು ಆಳಿದ ಸೇನರೂ ತಮ್ಮ ಶಾಸನದಲ್ಲಿ ಕರ್ಣಾಟ ಮೂಲವನ್ನು ಹೇಳಿಕೊಂಡವರೇ. ಇನ್ನು ಕಠ್ಮಂಡುವಿನ ಪಶುಪತಿನಾಥನ ಪ್ರಧಾನ ಅರ್ಚಕರಾದ ಮೂಲಭಟ್ಟರು ಕರಾವಳಿ ಕರ್ನಾಟಕದಿಂದ ಹೋದವರು ಎಂಬುದು ಉಡುಪಿ, ಉತ್ತರ ಕನ್ನಡದವರಿಗೆ ಹೊಸ ಸುದ್ದಿಯಲ್ಲ.

ಕನ್ನಡದ ಲೇಖಕರಿಗೆ ದಕ್ಷಿಣ ಏಷ್ಯಾದ ವೇದಿಕೆಯಲ್ಲಿ ಮನ್ನಣೆ ಸಿಕ್ಕಿದೆಯೇ?

ಸಿಕ್ಕಿದೆ. ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆಂದೇ ಇದ್ದ ಡಿಎಸ್‌ಸಿ ಪ್ರಶಸ್ತಿಯ 2012ರ ಅಂತಿಮ ಪಟ್ಟಿಯಲ್ಲಿ ಯು.ಆರ್. ಅನಂತಮೂರ್ತಿಯವರ 'ಭಾರತೀಪುರ'ದ ಇಂಗ್ಲಿಷ್ ಅನುವಾದವಿತ್ತು. ಆ ಸಲ ಪ್ರಶಸ್ತಿ ಪಡೆದವರು ಶ್ರೀಲಂಕಾದ ಶೆಹಾನ್ ಕರುಣತಿಲಕ. 2018ರ ಸಾಲಿನ ಪ್ರಶಸ್ತಿ ಮಾತ್ರ ಕನ್ನಡಕ್ಕೇ ಬಂತು. ಜಯಂತ ಕಾಯ್ಕಿಣಿಯವರ ಮುಂಬೈ ಕತೆಗಳನ್ನು ತೇಜಸ್ವಿನಿ ನಿರಂಜನ 'ನೋ ಪ್ರೆಸೆಂಟ್ಸ್ ಪ್ಲೀಸ್' ಎಂದು ಇಂಗ್ಲಿಷಿಗೆ ತಂದಿದ್ದರು. 2019ರ ಜನವರಿಯಲ್ಲಿ ಕೋಲ್ಕತ್ತಾದಲ್ಲಿ ಪ್ರಕಟವಾದ ಆ ಪ್ರಶಸ್ತಿಯ ಮೊತ್ತ 25,000 ಡಾಲರ್, ಅದು ಲೇಖಕರಿಗೂ ಅನುವಾದಕಿಗೂ ಸಮನಾಗಿ ಹಂಚಿಕೆಯಾಯಿತು. ಅನುವಾದಿತ ಕೃತಿಯೊಂದು ಆ ಪ್ರಶಸ್ತಿ ಗೆದ್ದದ್ದು ಅದೇ ಮೊದಲು.

ಈ ಪ್ರಶಸ್ತಿಯಲ್ಲಿ ನನಗೆ ಹಿಡಿಸಿದ್ದು ಅದರ ತಿರುಗಾಟ. ಜೈಪುರದಲ್ಲಿ ಶುರುವಾಗಿ ಗಾಲೆ, ಢಾಕಾ, ಕೋಲ್ಕತ್ತಾ, ಪೋಖರಾ ಎಂದು ಊರೂರಿಗೆ ಹೋಗಿ ಬಹುಮಾನ ಕೊಟ್ಟಿತು. ಫೋಸ್ವಾಲ್ ಕೂಡ ಸಾರ್ಕ್ ಸಾಹಿತ್ಯ ಪ್ರಶಸ್ತಿ ಕೊಡುತ್ತದೆ. ಬಾಂಗ್ಲಾದೇಶದ ಶಂಸುರ್ ರಹಮಾನ್, ನಮ್ಮ ಮಹಾಶ್ವೇತಾ ದೇವಿ, ಜಯಂತ ಮಹಾಪಾತ್ರ ಆ ಸಾಲಿನವರು.

ನೆರೆದೇಶದ ಲೇಖಕರು ಕೊನೆಯ ಗಳಿಗೆಯಲ್ಲಿ ಬರುವುದಿಲ್ಲ ಎಂಬ ಸುದ್ದಿ ಪ್ರತಿ ಸಲ ಬರುತ್ತದೆ. ಏಕೆ?

ವೀಸಾ. ನೇಪಾಳ, ಭೂತಾನ್ ಪ್ರಜೆಗಳಿಗೆ ಭಾರತಕ್ಕೆ ಬರಲು ವೀಸಾ ಬೇಕಿಲ್ಲ. ಶ್ರೀಲಂಕಾದವರಿಗೆ ಇ-ವೀಸಾ ಇದೆ. ಬಾಂಗ್ಲಾದೇಶದವರು ಅರ್ಜಿ ಹಾಕಿ ಕಾಯಬೇಕು, ಮತ್ತು 2024ರ ಆಗಸ್ಟ್‌ನಲ್ಲಿ ಅಲ್ಲಿ ಸರ್ಕಾರ ಉರುಳಿದ ಮೇಲೆ ಆ ಕಾಯುವಿಕೆ ಉದ್ದವಾಯಿತು. ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಕರೆಯುವಾಗ ಆಹ್ವಾನಪತ್ರ ಕಳಿಸಿದರೆ ಮುಗಿಯುವುದಿಲ್ಲ, ಸಂಘಟಕರು ವಿದೇಶಾಂಗ ಮತ್ತು ಗೃಹ ಸಚಿವಾಲಯಗಳ ಅನುಮತಿಗೂ ಓಡಾಡಬೇಕು.

ಪಾಕಿಸ್ತಾನದ ಲೇಖಕರದು ಬೇರೆಯೇ ಕತೆ. ವೀಸಾ ಸಿಗುತ್ತಿದ್ದ ಕಾಲದಲ್ಲೂ ಅದು ದೇಶಕ್ಕೆ ಸಿಗುತ್ತಿರಲಿಲ್ಲ, ಊರಿಗೆ ಸಿಗುತ್ತಿತ್ತು. ದೆಹಲಿ ಎಂದು ಬರೆದಿದ್ದರೆ ದೆಹಲಿ ಮಾತ್ರ, ಪಕ್ಕದ ಊರಿನ ಗೆಳೆಯನ ಮನೆಗೆ ಊಟಕ್ಕೆ ಹೋಗುವಂತಿಲ್ಲ. ಬಂದಿಳಿದ ಮೇಲೆ ಬಹುಪಾಲು ಮಂದಿ ಪೊಲೀಸರ ಬಳಿ ಹೆಸರು ನೋಂದಾಯಿಸಬೇಕಿತ್ತು. ನ್ಯಾಯಾಧೀಶರು, ಸಂಸದರು, ಪತ್ರಕರ್ತರಂಥ ಕೆಲವು ವರ್ಗದವರು ವೀಸಾ ಇಲ್ಲದೆ ಓಡಾಡಲಿ ಎಂದು 1992ರಲ್ಲಿ ಸಾರ್ಕ್ ವೀಸಾ ವಿನಾಯಿತಿ ಯೋಜನೆ ಜಾರಿಗೆ ಬಂದಿತ್ತು. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ಮರುದಿನವೇ ಭಾರತ ಪಾಕಿಸ್ತಾನದವರಿಗೆ ಆ ವಿನಾಯಿತಿಯನ್ನು ರದ್ದು ಮಾಡಿತು, ಅಟಾರಿ ಗಡಿಯನ್ನೂ ಮುಚ್ಚಿತು.

ದಾಳಿಗೆ ಸರ್ಕಾರ ಉತ್ತರ ಕೊಡಬೇಕಾದ್ದು ಸಹಜ. ಆದರೆ ಇಂಥ ಹೊತ್ತಿನಲ್ಲಿ ಮೊದಲು ಮುಚ್ಚುವ ಬಾಗಿಲು ಲೇಖಕರದು, ಕೊನೆಗೆ ತೆರೆಯುವುದೂ ಅದೇ. ವ್ಯಾಪಾರ, ಕ್ರಿಕೆಟ್ ಎರಡಕ್ಕೂ ಮೂರನೆಯ ದೇಶದ ದಾರಿಯಾದರೂ ಇದೆ. ಕವಿಗೋಷ್ಠಿಯನ್ನು ದುಬೈಯಲ್ಲಿ ಏರ್ಪಡಿಸುವ ಪ್ರಾಯೋಜಕರು ಎಷ್ಟು ಮಂದಿ ಸಿಗುತ್ತಾರೆ?

ದೆಹಲಿಯ ಉತ್ಸವ ಬಿಟ್ಟರೆ ಬೇರೆ ಯಾವುವಿವೆ?

ಭೂತಾನಿನ ಥಿಂಪುವಿನಲ್ಲಿ ಭಾರತ-ಭೂತಾನ್ ಪ್ರತಿಷ್ಠಾನದ ಮುತುವರ್ಜಿಯಿಂದ 2010ರಲ್ಲಿ ಮೌಂಟನ್ ಎಕೋಸ್ ಆರಂಭವಾಯಿತು. ರಾಜಮಾತೆ ಆಶಿ ದೋರ್ಜಿ ವಾಂಗ್ಮೊ ವಾಂಗ್ಚುಕ್ ಸ್ವತಃ ಲೇಖಕಿ, ಉತ್ಸವದ ಪೋಷಕಿ. ಈಗ ಅದು ಭೂತಾನ್ ಎಕೋಸ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. 1999ರಲ್ಲಷ್ಟೇ ಟಿ.ವಿ. ಕಂಡ ದೇಶವದು. ಅಲ್ಲಿ ಕತೆ ಎಂದರೆ ಇನ್ನೂ ಅಜ್ಜಿ ಹೇಳಿದ್ದು, ಬರೆದದ್ದು ಆಮೇಲಿನದು. ಹೀಗಾಗಿ ಅಲ್ಲಿನ ಗೋಷ್ಠಿಗಳಲ್ಲಿ ಜಾನಪದಕ್ಕೆ ಸಿಗುವ ಜಾಗ ಬೇರೆಲ್ಲೂ ಸಿಗದು.

ಶ್ರೀಲಂಕಾದ ಗಾಲೆ ಉತ್ಸವ 2007ರಲ್ಲಿ ಆರಂಭವಾದದ್ದು. ಯುನೆಸ್ಕೊ ಪಟ್ಟಿಯಲ್ಲಿರುವ ಡಚ್ಚರ ಕೋಟೆಯೊಳಗೆ ನಡೆಯುತ್ತದೆ, ನಡುವೆ ವರ್ಷಗಟ್ಟಲೆ ನಿಂತು 2024ರಲ್ಲಿ ಮತ್ತೆ ಶುರುವಾಯಿತು. ನೋಡಲು ಚಂದ, ಆದರೆ ಇಂಗ್ಲಿಷಿನ ಭಾರ ಹೆಚ್ಚು. ಢಾಕಾದಲ್ಲಿ 2011ರಲ್ಲಿ ಬ್ರಿಟನ್ನಿನ 'ಹೇ' ಸಾಹಿತ್ಯೋತ್ಸವದ ಹೆಸರಿನಲ್ಲಿ ಹುಟ್ಟಿದ್ದು 2015ರಿಂದ ಢಾಕಾ ಲಿಟ್ ಫೆಸ್ಟ್ ಆಯಿತು, ಬಾಂಗ್ಲಾ ಅಕಾಡೆಮಿಯ ಆವರಣದಲ್ಲಿ ನಡೆಯುತ್ತಿತ್ತು. ಅದೇ ಆವರಣ ಫೆಬ್ರುವರಿಯ ಏಕುಶೆ ಪುಸ್ತಕ ಮೇಳದ ತವರು. 1952ರ ಫೆಬ್ರುವರಿ 21ರಂದು ಭಾಷೆಗಾಗಿ ಗುಂಡಿಗೆ ಬಲಿಯಾದವರ ನೆನಪಿನಲ್ಲಿ ತಿಂಗಳಿಡೀ ಪುಸ್ತಕ ಮಾರುವ ಜನ ಅವರು. ಒಂದನ್ನೇ ನೋಡುವ ಅವಕಾಶವಿದ್ದರೆ ಉತ್ಸವ ಬಿಟ್ಟು ಈ ಮೇಳವನ್ನು ನೋಡಿ ಎನ್ನುತ್ತೇನೆ.

ನೇಪಾಳ ಸಾಹಿತ್ಯೋತ್ಸವ 2011ರಲ್ಲಿ ಕಠ್ಮಂಡುವಿನಲ್ಲಿ ಆರಂಭವಾಗಿ ಪೋಖರಾಕ್ಕೆ ಹೋಯಿತು. ಕರಾಚಿಯಲ್ಲಿ 2010ರಿಂದ, ಲಾಹೋರಿನಲ್ಲಿ 2013ರಿಂದ ಉತ್ಸವಗಳಿವೆ.

ಇಲ್ಲಿ ರಾಜಕೀಯ ಮಾತಾಡುತ್ತಾರೆಯೇ?

ಆಡದೆ ಇರುವುದು ಹೇಗೆ? 2023ರ ಫೆಬ್ರುವರಿಯಲ್ಲಿ ಲಾಹೋರಿನ ಫೈಜ್ ಉತ್ಸವಕ್ಕೆ ಹೋಗಿದ್ದ ಜಾವೇದ್ ಅಖ್ತರ್, ಮುಂಬೈ ದಾಳಿಕೋರರು ಪಾಕಿಸ್ತಾನದಲ್ಲಿ ಇನ್ನೂ ಆರಾಮವಾಗಿ ಓಡಾಡುತ್ತಿದ್ದಾರೆ ಎಂದು ಅಲ್ಲಿಯ ವೇದಿಕೆಯಲ್ಲೇ ಹೇಳಿ ಬಂದರು. ಗಾಲೆ ಉತ್ಸವಕ್ಕೆ 2011ರಲ್ಲಿ ಬಹಿಷ್ಕಾರದ ಕರೆ ಬಂದಿತ್ತು. ಪತ್ರಕರ್ತರ ಮೇಲೆ ದೌರ್ಜನ್ಯ ನಡೆದ ದೇಶದಲ್ಲಿ ಹಬ್ಬವೇನು ಎಂಬುದು ಕರೆ ಕೊಟ್ಟವರ ವಾದ. ಫೋಸ್ವಾಲ್ 2023ರ ಮಾರ್ಚ್‌ನಲ್ಲಿ ಶೇಖ್ ಮುಜೀಬುರ್ ರಹಮಾನರ ಆತ್ಮಕಥನ, ಸೆರೆಮನೆಯ ದಿನಚರಿ ಮತ್ತು ಪ್ರವಾಸಕಥನಗಳಿಗೆ ಮರಣೋತ್ತರವಾಗಿ ವಿಶೇಷ ಪ್ರಶಸ್ತಿ ನೀಡಿತು. ಮರುವರ್ಷ ಢಾಕಾದಲ್ಲಿ ಅವರ ಮಗಳ ಸರ್ಕಾರ ಬಿತ್ತು, ಅವರ ಪ್ರತಿಮೆಗಳೂ ಉರುಳಿದವು. ಸಾಹಿತ್ಯದ ಪ್ರಶಸ್ತಿ ಅಧಿಕಾರಕ್ಕೆ ಹತ್ತಿರ ಹೋದಷ್ಟೂ ಬೇಗ ಹಳೆಯದಾಗುತ್ತದೆ.

ಉತ್ಸವಗಳಿಂದ ನಿಜಕ್ಕೂ ಏನಾದರೂ ಆಗುತ್ತದೆಯೇ, ಬರೀ ಶಾಲು, ಹಾರ, ಫೋಟೊ ಅಲ್ಲವೇ?

ಶಾಲು, ಹಾರ, ಫೋಟೊ ಧಾರಾಳವಾಗಿ ಇರುತ್ತವೆ. ಉತ್ಸವ ನಡೆದದ್ದರಿಂದ ಯುದ್ಧವೊಂದು ನಿಂತಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆಗುವುದು ಸಣ್ಣ ಕೆಲಸ: ಇಬ್ಬರು ವಿಳಾಸ ಬದಲಾಯಿಸಿಕೊಳ್ಳುತ್ತಾರೆ, ಒಬ್ಬರ ಎರಡು ಕವಿತೆ ಇನ್ನೊಬ್ಬರ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಆದರೆ ಪುಸ್ತಕ ಮುಂದೆ ಹೋಗುವುದೇ ಇಲ್ಲ. ಗಡಿಯಾಚೆ ಪುಸ್ತಕ ಕಳಿಸಲು ಅಂಚೆ ಖರ್ಚು, ಸುಂಕದ ಕಾಗದ, ತಡ. 2025ರ ಕೋಲ್ಕತ್ತಾ ಪುಸ್ತಕ ಮೇಳದಲ್ಲಿ ಬಾಂಗ್ಲಾದೇಶದ ಮಳಿಗೆಯೇ ಇರಲಿಲ್ಲ. 1996ರಿಂದ ತಪ್ಪದೆ ಬರುತ್ತಿದ್ದ ಪ್ರಕಾಶಕರು ಆ ವರ್ಷ ಬರಲಿಲ್ಲ. ಒಂದೇ ಭಾಷೆಯ ಎರಡು ಊರುಗಳ ನಡುವೆಯೇ ಹೀಗಾದರೆ ಕನ್ನಡ ಮತ್ತು ಸಿಂಹಳದ ನಡುವಿನ ಮಾತು ಹೇಳುವುದೇ ಬೇಡ.

ಆದ್ದರಿಂದ ಉತ್ಸವವನ್ನು ಅಳೆಯಲು ನಾನು ಕೇಳುವುದು ಒಂದೇ: ಈ ವರ್ಷ ಇಲ್ಲಿಗೆ ಬಂದ ಎಷ್ಟು ಲೇಖಕರ ಪುಸ್ತಕ ಮುಂದಿನ ವರ್ಷದ ಹೊತ್ತಿಗೆ ಇನ್ನೊಂದು ನೆರೆಭಾಷೆಯಲ್ಲಿ ಅಚ್ಚಾಯಿತು? ಇಂಗ್ಲಿಷಿನಲ್ಲಿ ಅಲ್ಲ. ಬಾನು ಮುಷ್ತಾಕ್ ಅವರ ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದು 2025ರ ಅಂತರರಾಷ್ಟ್ರೀಯ ಬೂಕರ್ ಗೆದ್ದ ಮೇಲೆ ಲಾಹೋರಿನ ಓದುಗನಿಗೆ ಹಾಸನದ ಹೆಣ್ಣುಮಕ್ಕಳ ಕತೆ ತಲುಪುವ ದಾರಿ ತೆರೆಯಿತು. ಆದರೆ ಆ ದಾರಿ ಲಂಡನ್ ಸುತ್ತಿ ಹೋಗುತ್ತದೆ. ಉರ್ದು ಮತ್ತು ಕನ್ನಡ ಎರಡನ್ನೂ ಬಲ್ಲವರು ನಮ್ಮ ಕಲಬುರಗಿ, ಬೀದರ್, ವಿಜಯಪುರಗಳಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ನೇರ ಅನುವಾದಕ್ಕೆ ಕೊರತೆ ಇರುವುದು ಭಾಷೆ ಬಲ್ಲವರದ್ದಲ್ಲ, ಸಂಭಾವನೆಯದು.

ನಾನೂ ಒಂದು ಉತ್ಸವಕ್ಕೆ ಹೋಗಬೇಕು. ಎಲ್ಲಿಂದ ಶುರು ಮಾಡಲಿ?

ಖರ್ಚು ಕಡಿಮೆ ಇರಬೇಕೆಂದರೆ ದೆಹಲಿ. ಫೋಸ್ವಾಲ್ ಉತ್ಸವದ ದಿನಾಂಕ ಪ್ರತಿ ವರ್ಷ ಒಂದೇ ಇರುವುದಿಲ್ಲ. ಪ್ರಕಟಣೆ ನೋಡಿಕೊಂಡೇ ರೈಲು ಟಿಕೆಟ್ ಮಾಡಿಸಿ. ಹೊರದೇಶವೇ ಬೇಕೆಂದರೆ ನೇಪಾಳ ಸುಲಭ. ಪಾಸ್‌ಪೋರ್ಟ್ ಇಲ್ಲದವರು ಮತದಾರರ ಗುರುತಿನ ಚೀಟಿ ಒಯ್ಯಬೇಕು. ಬಹಳ ಮಂದಿ ಆಧಾರ್ ಹಿಡಿದುಕೊಂಡು ವಿಮಾನ ನಿಲ್ದಾಣಕ್ಕೆ ಬಂದು ಪೇಚಿಗೆ ಸಿಲುಕುತ್ತಾರೆ. 15 ವರ್ಷದೊಳಗಿನವರು ಮತ್ತು 65 ದಾಟಿದವರ ಹೊರತು ಉಳಿದವರಿಗೆ ಅದು ನಡೆಯುವುದಿಲ್ಲ. ಭೂತಾನಿಗೂ ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಬೇಕು, ಪ್ರವೇಶ ಪರವಾನಗಿ ಪಡೆಯಬೇಕು, ಮೇಲಾಗಿ ಭಾರತೀಯರು ರಾತ್ರಿಯೊಂದಕ್ಕೆ 1,200 ರೂಪಾಯಿಯ ಸುಸ್ಥಿರ ಅಭಿವೃದ್ಧಿ ಶುಲ್ಕ ಕೊಡಬೇಕು. ನಾಲ್ಕು ದಿನದ ಉತ್ಸವಕ್ಕೆ ಇದನ್ನೂ ಲೆಕ್ಕ ಹಾಕಿಕೊಳ್ಳಿ. ಗಡಿಯಾರವನ್ನು ನೇಪಾಳದಲ್ಲಿ 15 ನಿಮಿಷ, ಭೂತಾನಿನಲ್ಲಿ ಅರ್ಧ ಗಂಟೆ ಮುಂದಕ್ಕೆ ತಿರುಗಿಸಿ, ಇಲ್ಲದಿದ್ದರೆ ಮೊದಲ ಗೋಷ್ಠಿ ತಪ್ಪುತ್ತದೆ.

ನನ್ನ ಕವಿತೆ ಓದಲು ಅವಕಾಶ ಸಿಗುತ್ತದೆಯೇ?

ಆಹ್ವಾನಿತರಿಗೆ ಮಾತ್ರ. ಸಂಘಟಕರಿಗೆ ಬರೆಯುವುದಾದರೆ ಕನ್ನಡ ಮೂಲದ ಜೊತೆ ಒಳ್ಳೆಯ ಅನುವಾದ ಕಳಿಸಿ. ಹದಿನೈದು ಕವಿತೆಗಿಂತ ಮೂರು ವಾಸಿ.

ಕರ್ನಾಟಕದಲ್ಲಿ ಇಂಥದೊಂದು ಉತ್ಸವ ನಡೆಸಬಾರದೇಕೆ?

ಬೇಕಾದ ಸಾಮಗ್ರಿ ಇಲ್ಲಿಯೇ ಇದೆ. ಹೆಸರಘಟ್ಟದ ನೃತ್ಯಗ್ರಾಮದ ಒಡಿಸ್ಸಿ ಕಲಾವಿದೆಯರು ಕೊಲಂಬೊದ ಚಿತ್ರಸೇನ ತಂಡದ ಕ್ಯಾಂಡಿ ನೃತ್ಯಗಾರರೊಂದಿಗೆ 'ಸಂಹಾರ' ಎಂಬ ಪ್ರಯೋಗ ಕಟ್ಟಿ ದೇಶವಿದೇಶ ಸುತ್ತಿದ್ದಾರೆ. ಬೈಲುಕುಪ್ಪೆಯ ವಿಹಾರಗಳಲ್ಲಿ ಟಿಬೆಟಿನವರ ಜೊತೆ ಹಿಮಾಲಯದ ನಾನಾ ಕಡೆಯ ಭಿಕ್ಷುಗಳು ಓದುತ್ತಿದ್ದಾರೆ. ಹೆಗ್ಗೋಡಿನ ನೀನಾಸಂ ಹಳ್ಳಿಯೊಂದರಲ್ಲಿ ಜನರನ್ನು ದಿನಗಟ್ಟಲೆ ಕೂರಿಸಿ ಸಾಹಿತ್ಯ, ಸಿನಿಮಾ, ನಾಟಕ ಮಾತಾಡಿಸುವುದನ್ನು ದಶಕಗಳಿಂದ ತೋರಿಸಿದೆ. ದೊಡ್ಡ ಹೋಟೆಲಿನ ಸಭಾಂಗಣ ಬೇಡ. ಶುರುವಿಗೆ ಒಬ್ಬ ಸಿಂಹಳ ವಿದ್ವಾಂಸ, ಒಬ್ಬ ಟಿಬೆಟನ್ ಪಂಡಿತ, ಒಬ್ಬ ಕನ್ನಡದ ಮೇಷ್ಟ್ರು, ನಡುವೆ ದಂಡಿ, ಮತ್ತು ಮೂರು ದಿನ. ಕೊನೆಯಲ್ಲಿ ಸ್ಮರಣಿಕೆಯ ಬದಲು ಒಂದು ಅನುವಾದದ ಕರಾರಿಗೆ ಸಹಿಯಾಗಲಿ.

ಮಕ್ಕಳನ್ನು ಕರೆದುಕೊಂಡು ಹೋಗಬಹುದೇ?

ಕವಿಗೋಷ್ಠಿಗೆ ಧಾರಾಳವಾಗಿ. ಪ್ರಬಂಧ ಮಂಡನೆಗೆ ಬೇಡ.